ಕೇಳದೆ ತುಂಬಿದ ಉಡಿ

ಒರಳಿನಲ್ಲಿ ಖಾರ ಕುಟ್ಟುತ್ತಿದ್ದೆ. ಬೇಸಿಗೆಯ ದಿನ. ಹಿತ್ತಲಲ್ಲಿ ನೆರಳು ಇರುವಷ್ಟರಲ್ಲೇ ಮುಗಿಸಬೇಕೆಂದು ಬಾಯಿಮೂಗಿಗೆ ಸೆರಗು ಬಿಗಿದುಕೊಂಡು ಒನಕೆ ಎತ್ತಿ ಹಾಕುತ್ತಿದ್ದೆ. ವರ್ಷದ ಖಾರ ಅದು. ಅರ್ಧಕ್ಕೆ ಬಿಟ್ಟರೆ ಮೆಣಸಿನಕಾಯಿ ಮೆತ್ತಗಾಗುತ್ತದೆ. ಅಷ್ಟರಲ್ಲಿ ಅತ್ತೆಯವರು ಹಿತ್ತಲ ಬಾಗಿಲಿಗೆ ಬಂದು ನಿಂತರು.

“ಏ ತಂಗಿ, ಒನಕಿ ಇಡು. ಕೈ ತೊಳಕೊಂಡು ಒಳಗ ಬಾ. ಉಡಿ ತುಂಬಾಕ ಬಂದಾರ.”

“ಯಾರ ಬಂದಾರ್ರಿ?”

“ಮಠದಾಗಿಂದ. ಸೆರಗ ಸರಿ ಮಾಡ್ಕೋ, ಲಗೂ ಬಾ.”

ನಮ್ಮ ಕಡೆ ಹೆಂಗಸಿಗೆ ಉಡಿ ತುಂಬುವುದು ಕುಡಿಯಲು ನೀರು ಕೊಟ್ಟಷ್ಟು ಸಹಜ. ತವರಿನಿಂದ ಹೊರಡುವಾಗ, ಹಬ್ಬಕ್ಕೆ, ಹುಣ್ಣಿಮೆಗೆ, ಯಾರದೋ ಮನೆಗೆ ಹೋಗಿ ಬರುವಾಗ, ಸೆರಗಿನ ಮಡಿಲಿಗೆ ಅಕ್ಕಿ, ಕಾಯಿ, ಕುಪ್ಪಸದ ಖಣ ಹಾಕುತ್ತಾರೆ. ನಾವು ಸೆರಗು ಒಡ್ಡುತ್ತೇವೆ. ಯಾಕೆ ಎಂದು ಕೇಳುವ ರೂಢಿಯೇ ಇಲ್ಲ. ಬಂದ ಉಡಿ ಒಲ್ಲೆ ಅನ್ನಬಾರದು, ಅದು ಲಕ್ಷ್ಮಿಗೆ ಬೆನ್ನು ಮಾಡಿದ ಹಾಗೆ ಎಂದು ನಮ್ಮವ್ವ ರಾಮದುರ್ಗದಲ್ಲಿ ನಾನಿನ್ನೂ ಪರಕಾರ ಉಡುವ ಹುಡುಗಿಯಾಗಿದ್ದಾಗಲೇ ಹೇಳಿಕೊಟ್ಟಿದ್ದಳು.

ಕೈ ತೊಳೆದೆ. ಖಾರ ಪೂರ್ತಿ ಹೋಗಲಿಲ್ಲ, ಬೆರಳು ಉರಿಯುತ್ತಲೇ ಇದ್ದವು. ಪಡಸಾಲೆಯ ಕಂಬಳಿಯ ಮೇಲೆ, ಸವದತ್ತಿ ಕಡೆ ಹೊಳೆದಂಡೆಯ ಹಳ್ಳಿಯೊಂದರಲ್ಲಿದ್ದ ಮಠದ ಹಿರಿಯರೊಬ್ಬರು ಕುಳಿತಿದ್ದರು. ಮಠದ ಹೊಲಮನೆಯ ಉಸ್ತುವಾರಿ ಅವರದು. ಅವರ ಜೊತೆ ಇಬ್ಬರು ಮುತ್ತೈದೆಯರು. ನಾನು ಮಣೆಯ ಮೇಲೆ ಕುಳಿತು ಸೆರಗು ಒಡ್ಡಿದೆ. ಅಕ್ಕಿ ಬಿತ್ತು, ಕಾಯಿ ಬಿತ್ತು, ಉತ್ತತ್ತಿ, ಅರಿಷಿಣ ಬೇರು, ಮೇಲೊಂದು ಹಸಿರು ಖಣ. ಎದ್ದು ಮೂವರ ಪಾದಕ್ಕೂ ನಮಸ್ಕಾರ ಮಾಡಿದೆ. ಹಿರಿಯರು ಮೊಳಕಾಲಿಗೆ ಕೈ ಕೊಟ್ಟು ಏಳುತ್ತ ಹೇಳಿದರು:

“ಮುಗೀತವ್ವಾ. ಹಡದಾಕಿ ಉಡಿ ಒಡ್ಡಿದ್ಲಂದ್ರ ಎಲ್ಲಾ ಮುಗದಂಗ. ಇನ್ನ ನಿನ್ನ ಮಗ ಮಠದ ಮರಿ.”

ಮರಿ ಎಂದರೆ ಮುಂದೆ ಮಠದ ಪೀಠ ಏರುವ ಹುಡುಗ. ನಮ್ಮದು ಅಯ್ಯನವರ ಮನೆತನ, ಜಂಗಮರು. ನಮ್ಮಂಥ ಮನೆಗಳಿಂದಲೇ ಮಠಗಳಿಗೆ ಮರಿ ಬಿಡುವುದು. ಅದೆಲ್ಲ ನನಗೆ ಗೊತ್ತಿತ್ತು. ಆದರೆ ಆ ಮಾತು ನನ್ನ ಮಗನ ಮೇಲೆ ಬಂದು ಬೀಳುತ್ತದೆ ಎಂದು ಗೊತ್ತಿರಲಿಲ್ಲ. ಪಡಸಾಲೆ ಒಂದು ಕಡೆಗೆ ವಾಲಿದಂತಾಯಿತು. ಒಂದು ಕೈಯಿಂದ ಗೋಡೆ ಹಿಡಿದೆ. ಇನ್ನೊಂದು ಕೈ, ಅಕ್ಕಿ ಚೆಲ್ಲಬಾರದೆಂದು, ಸೆರಗನ್ನು ಬಿಗಿಯಾಗಿ ಹಿಡಿದೇ ಇತ್ತು.

“ಬಸವ ಜಯಂತಿ ಆದ ಮ್ಯಾಲಿನ ಸೋಮವಾರ ಬಂದು ಕರಕೊಂಡು ಹೋಗತೇವಿ” ಎಂದರು ಹಿರಿಯರು. “ಅಷ್ಟರಾಗ ಈ ಉಡಿಯಕ್ಕಿ ಅಡಿಗಿ ಮಾಡಿ, ಮನಿ ಮಂದಿ ಎಲ್ಲಾರೂ ಕೂಡಿ ಉಣ್ರಿ.”

ಉಂಡರೆ ಕೊಟ್ಟ ಮಾತು ಹೊಟ್ಟೆಯೊಳಗೆ ಇಳಿದಂತೆ. ಆಮೇಲೆ ಅದನ್ನು ಹಿಂದಕ್ಕೆ ತೆಗೆಯುವವರಿಲ್ಲ.

ಮಗನಿಗೆ ಆಗ ಎಂಟು ವರ್ಷ. ಹೋದ ಶ್ರಾವಣದಲ್ಲಿ ಆ ಮಠದ ಅಜ್ಜಾರು ನಮ್ಮ ಬೈಲಹೊಂಗಲಕ್ಕೆ ಪಾದಪೂಜೆಗೆ ಬಂದಿದ್ದರು. ಅಜ್ಜಾರು ಎಂದರೆ ಮಠದ ಪೀಠದಲ್ಲಿದ್ದ ಮುಪ್ಪಿನ ಸ್ವಾಮಿಗಳು. ಮಗ ಅವರ ಮುಂದೆ ನಿಂತು ಒಂದೂ ತಪ್ಪದೆ ವಚನ ಒಪ್ಪಿಸಿದ್ದ. ಅವರು ಅವನ ತಲೆಯ ಮೇಲೆ ಕೈಯಿಟ್ಟು, ಈ ಕೂಸು ಯಾರದು ಎಂದು ಕೇಳಿದ್ದರು. ನಂದ್ರಿ ಎಂದು ನಾನೇ ಮುಂದೆ ಬಂದಿದ್ದೆ. ಎಷ್ಟು ಹಿಗ್ಗಿನಿಂದ ಬಂದಿದ್ದೆ!

ಬಂದವರು ಹೋದ ಮೇಲೆ ಅತ್ತೆಯವರನ್ನು ಕೇಳಿದೆ. “ನೀವು ಹೂಂ ಅಂದಿದ್ರೇನ್ರಿ?”

“ನಾ ಎಲ್ಲಿ ಅಂದೆ? ನನ್ನ ಮಗನ್ನ ಕೇಳ್ರಿ ಅಂದಿದ್ದೆ.”

ಅವರ ಮಗ, ಅಂದರೆ ನನ್ನ ಯಜಮಾನರು, ಕಿತ್ತೂರ ಕಡೆಯ ಹಳ್ಳಿಯೊಂದರಲ್ಲಿ ಸಾಲಿ ಮಾಸ್ತರರು. ಅಲ್ಲೇ ಕೋಣೆ ಹಿಡಿದಿದ್ದರು, ಶನಿವಾರ ಊರಿಗೆ ಬರುತ್ತಿದ್ದರು. ಆ ಶನಿವಾರ ಕಾಲಿಗೆ ನೀರು ಕೊಡುತ್ತಲೇ ಕೇಳಿದೆ. ಚೊಂಬು ಹಿಡಿದುಕೊಂಡೇ ನಿಂತುಬಿಟ್ಟರು.

“ಹಿರ್ಯಾರು ಕಿತ್ತೂರ ಕಡೆ ಬಂದಿದ್ರು, ಖರೆ. ನಾ ಎಲ್ಲಿ ಹೂಂ ಅಂದೆ? ಅವ್ವ ಹೇಳಿದಂಗ ಅಂದೆ.”

“ಅತ್ತಿಯವರು ನಿಮ್ಮನ್ನ ಕೇಳ್ರಿ ಅಂದಾರ. ನೀವು ಅತ್ತಿಯವರನ್ನ ಕೇಳ್ರಿ ಅಂದೀರಿ. ಹಿಂಗಾದ್ರ ಕೊಟ್ಟವರು ಯಾರ್ರಿ?”

ಅವರು ನೀರನ್ನು ಕಾಲಿಗೆ ಹುಯ್ದುಕೊಂಡು ಒಳಗೆ ಹೋದರು. ಉತ್ತರ ನನಗೂ ಗೊತ್ತಿತ್ತು. ಮಾತು ಎಲ್ಲರನ್ನೂ ಸುತ್ತಿ ನನ್ನ ಸೆರಗಿಗೆ ಬಂದು ಬಿದ್ದಿತ್ತು.

ಅದರ ಹಿಂದಿನ ಚಳಿಗಾಲದಲ್ಲಿ ನಾವು ಹೆಂಗಸರೂ ಮೊದಲ ಸಲ ಮತ ಹಾಕಿದ್ದೆವು. ಪರದೆಯ ಹಿಂದೆ ಪೆಟ್ಟಿಗೆಗಳನ್ನು ಇಟ್ಟಿದ್ದರು. ಹೊರಗಿನ ಕಾರಕೂನ, “ನಿಮ್ಮ ಮನಸಿಗೆ ಬಂದಿದ್ದಕ್ಕ ಹಾಕ್ರಿ ಅವ್ವಾರ, ಯಾರ ಹಂಗೂ ಇಲ್ಲ” ಎಂದ. ಒಳಗೆ ಚೀಟಿ ಹಿಡಿದು ನಿಂತೆ. ನನ್ನ ಮನಸ್ಸಿಗೆ ಏನು ಬಂದಿದೆ ಎಂದು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಹೇಗೋ ಚೀಟಿ ಹಾಕಿ ಹೊರಗೆ ಬಂದೆ. ದೇಶಕ್ಕೆ ಯಾರು ಬೇಕು ಎಂದು ಕೇಳಿದವರಿದ್ದರು. ಮಗ ಬೇಕೇ ಎಂದು ಕೇಳುವವರಿರಲಿಲ್ಲ.

ಉಡಿಯಕ್ಕಿಯನ್ನು ಗಡಿಗೆಗೆ ಸುರಿದು, ಬಾಯಿಗೆ ಬಟ್ಟೆ ಕಟ್ಟಿ, ಅಡುಗೆಮನೆಯ ನೆಲುವಿನಲ್ಲಿ ತೂಗಿಟ್ಟೆ. ರೊಟ್ಟಿ ಬಡಿಯುವಾಗ ಅದು ನನ್ನ ತಲೆಯ ಮೇಲೆಯೇ ಇರುತ್ತಿತ್ತು. ಗಾಳಿ ಬಂದರೆ ಸಣ್ಣಗೆ ಅಲ್ಲಾಡುತ್ತಿತ್ತು. ಅದನ್ನು ನೋಡಬಾರದೆಂದು ತಲೆ ತಗ್ಗಿಸಿ, ರೊಟ್ಟಿಯನ್ನೇ ನೋಡುತ್ತಿದ್ದೆ.

ಊರಿಗೆ ಸುದ್ದಿ ಹಬ್ಬಿತು. ಪಕ್ಕದ ಮನೆಯ ಅಕ್ಕ ಮೊಸರಿನ ಹೆಪ್ಪು ಕೇಳುವ ನೆಪ ಮಾಡಿಕೊಂಡು ಬಂದಳು.

“ಪುಣ್ಯಾ ಮಾಡಿದ್ದೀ ಬಿಡವ್ವಾ. ಮಗ ಸ್ವಾಮ್ಯಾರ ಆದ್ರ ಮುಂದ ಸೊಸೀ ಕಾಟ ಇಲ್ಲ.”

ನಾನು ನಗಲಿಲ್ಲ. ಅವಳು ಹೆಪ್ಪಿನ ಬಟ್ಟಲು ಹಿಡಿದುಕೊಂಡು ನನ್ನ ಮುಖ ನೋಡಿದಳು. ಧ್ವನಿ ಇಳಿಸಿದಳು.

“ಒಲ್ಲೆ ಅನ್ನೂ ವಿಚಾರ ಮಾತ್ರ ಮಾಡಬ್ಯಾಡ ಮತ್ತ. ನಮ್ಮ ತವರಮನಿ ಓಣ್ಯಾಗ ಒಬ್ಬಾಕಿ ಕೊಡತೇನಿ ಅಂದು ಕೊಡಲಿಲ್ಲ. ಅದ ವರ್ಷ ಆ ಕೂಸು ವಾಂತಿಭೇದಿ ಆಗಿ ಹೋತು. ಮಠಕ್ಕೂ ಇಲ್ಲ, ಮನಿಗೂ ಇಲ್ಲ.”

“ಆಕಿ ಬಾಯಿಲೆ ಅಂದಿದ್ಲಕ್ಕ. ನಾ ಏನೂ ಅಂದಿಲ್ಲ.”

“ಉಡಿ ಒಡ್ಡೀಯಲ್ಲ. ಬಾಯಿಗಿಂತ ಉಡಿ ದೊಡ್ಡದು.”

ಅವಳು ಹೋದ ಮೇಲೆ ಒಲೆಯ ಮುಂದೆ ಕುಳಿತುಬಿಟ್ಟೆ. ಕೊಟ್ಟರೆ ಮಗ ಇಲ್ಲ. ಕೊಡದಿದ್ದರೆ ಮಗನೇ ಇಲ್ಲ. ರಾಮದುರ್ಗಕ್ಕೆ ಕರೆದುಕೊಂಡು ಓಡಲೇ ಎಂದುಕೊಂಡೆ. ಆದರೆ ತವರಿನವರು ನನಗಿಂತ ದೈವಭಕ್ತರು. ನನ್ನಪ್ಪ ಬಾಜಾಭಜಂತ್ರಿಯೊಂದಿಗೆ ಮೊಮ್ಮಗನನ್ನು ಮಠಕ್ಕೆ ತಾನೇ ತಂದು ಬಿಡುತ್ತಿದ್ದ. ಬೆಳಗಿನ ಲಿಂಗಪೂಜೆಗೆ ಕುಳಿತರೆ ಕಣ್ಣು ಮುಚ್ಚಲು ಭಯ. ಎಡಗೈಯಲ್ಲಿ ಲಿಂಗಯ್ಯನನ್ನು ಹಿಡಿದು ಏನು ಬೇಡಲಿ? ಅವನದೇ ಸೇವೆಗೆ ಹೊರಟ ಮಗನನ್ನು ಅವನಿಂದಲೇ ಕಾಪಾಡು ಎಂದು ಬೇಡುವುದು ಹೇಗೆ? ನೀರೆರೆದು, ವಿಭೂತಿ ಧರಿಸಿ, ಏನೂ ಬೇಡದೆ ಏಳುತ್ತಿದ್ದೆ.

ಇಷ್ಟರ ನಡುವೆ ಮಗನೇ ಹಿಗ್ಗಿದ್ದ. ಅದು ನನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ತಂದಿತು. ಓಣಿಯ ಹುಡುಗರು ಅವನಿಗೆ, ಸ್ವಾಮಿಗಳಿಗೆ ಅನ್ನುವ ಹಾಗೆ, “ಬುದ್ದಿ, ಬುದ್ದಿ” ಎಂದು ಕೈಮುಗಿದು ಆಡುತ್ತಿದ್ದರು. ಅವನು ನನ್ನ ಹಳೆಯ ಕಾವಿ ಬಣ್ಣದ ಸೀರೆಯ ತುಂಡನ್ನು ಹೊದ್ದುಕೊಂಡು ಕಟ್ಟೆಯ ಮೇಲೆ ಕುಳಿತು, ಆಶೀರ್ವಾದ ಎಂದು ಒಬ್ಬೊಬ್ಬರ ತಲೆಗೆ ಒಂದೊಂದು ಏಟು ಕೊಡುತ್ತಿದ್ದ. ಒಂದು ಸಂಜೆ ರೊಟ್ಟಿ ತಿನ್ನುತ್ತ ಕೇಳಿದ:

“ಅವ್ವಾ, ನಾ ಸ್ವಾಮ್ಯಾರ ಆದ್ರ ನೀ ನನಗ ರೀ ಅಂತೀಯಂತ. ಖರೇ ಏನು?”

“ಹೂಂ.”

“ಕಾಲಿಗೂ ಬೀಳತೀ?”

“ಬೀಳಬೇಕಾಗತೈತಿ.”

ಅವನು ರೊಟ್ಟಿ ಬಿಟ್ಟು ಬಿದ್ದು ಬಿದ್ದು ನಕ್ಕ. “ಮತ್ತ ನನಗ ಹೊಡೀಯಾಕ ಬರೂದಿಲ್ಲಲಾ!”

“ಬರೂದಿಲ್ಲ. ಎಣ್ಣಿ ಹಚ್ಚಿ ಎರಿಯಾಕೂ ಬರೂದಿಲ್ಲ. ನೀ ಈ ಮನಿಗೆ ಬರೂ ಹಂಗೂ ಇಲ್ಲ.”

ನಗು ನಿಂತಿತು. “ಹಬ್ಬಕ್ಕ?” ಎಂದ.

“ಹಬ್ಬಕ್ಕೂ ಇಲ್ಲ.”

ಆಮೇಲೆ ಅವನು ಕಾವಿ ಬಟ್ಟೆ ಹೊದೆಯುವುದನ್ನು ಬಿಟ್ಟ. ಆದರೂ ಅವನು ಒಮ್ಮೆ ಹಿಗ್ಗಿದ್ದನ್ನು ನಾನು ಮರೆಯಲಿಲ್ಲ. ಮಠದವರು ಬಂದು, ಬರತೀಯಾ ಎಂದು ಕೇಳಿ, ಅವನು ಹೂಂ ಎಂದುಬಿಟ್ಟರೆ? ಎಂಟು ವರ್ಷದ ಬಾಯಿಯ ಹೂಂ ಎಷ್ಟು ಹಗುರ! ಒಂದು ಪೆಪ್ಪರಮಿಂಟಿಗೂ ಅದೇ ಹೂಂ.

ಆ ದಿನಗಳಲ್ಲಿ ಯಜಮಾನರು ಊರಿನ ವಾಚನಾಲಯದಿಂದ ತಂದ ಒಂದು ಕಾದಂಬರಿಯನ್ನು ಪ್ರತಿ ರವಿವಾರ ನನಗೆ ಓದಿ ಹೇಳುತ್ತಿದ್ದರು. ನಾನು ಕಾಳು ಹಸನು ಮಾಡುತ್ತ ಕೇಳುತ್ತಿದ್ದೆ. ಅದರಲ್ಲಿ ಒಬ್ಬ ಕೈದಿ. ಅವನ ಕೋಣೆಯ ಬಾಗಿಲಿಗೆ ಕೀಲಿ ಹಾಕಿರಲಿಲ್ಲ. ಬೇಕಾದಾಗ ಎದ್ದು ಹೋಗಬಹುದು, ಆದರೆ ನೀನು ಹೋದ ದಿನ ನಿನ್ನ ಊರಿಗೆ ಕೇಡು ಬರುತ್ತದೆ ಎಂದು ಹೇಳಿ ಕೂರಿಸಿದ್ದರು. ಅವನು ತೆರೆದ ಬಾಗಿಲ ಮುಂದೆ ಮುದುಕನಾಗುವತನಕ ಕುಳಿತ. ಯಾರಾದರೂ ಕೇಳಿದರೆ, ನಾನು ನನ್ನ ಇಚ್ಛೆಯಿಂದಲೇ ಕುಳಿತಿದ್ದೇನೆ, ಕೀಲಿ ಎಲ್ಲಿದೆ ತೋರಿಸಿರಿ ಎನ್ನುತ್ತಿದ್ದ.

ನಾನು ಮೊರದಲ್ಲಿ ಕಾಳು ಕೇರುವುದನ್ನು ನಿಲ್ಲಿಸಿದೆ.

“ಸಾಕ್ರಿ. ಮುಂದ ಓದಬ್ಯಾಡ್ರಿ.”

“ಯಾಕ? ಇನ್ನ ರಂಗ ಏರೂದು ಮುಂದೈತಿ.”

“ಆ ಊರಿಗೆ ಕೇಡು ಬರತಿತ್ತೋ ಇಲ್ಲೋ, ಅಷ್ಟ ಹೇಳ್ರಿ.”

ಅವರು ಕೊನೆಯ ಹಾಳೆಗಳನ್ನು ತಿರುವಿ ನೋಡಿದರು. “ಗೊತ್ತಿಲ್ಲ. ಆತ ಎದ್ದ ಹೋಗಿಲ್ಲಲ. ಹೋಗಿದ್ರ ತಿಳೀತಿತ್ತು.”

ಪುಸ್ತಕ ಮುಚ್ಚಿಟ್ಟರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಳ್ಳೆಯ ಮನುಷ್ಯ ಅವರು. ಜೀವಮಾನದಲ್ಲಿ ನನಗೊಂದು ಬಿರುಸು ಮಾತು ಆಡಿದವರಲ್ಲ, ಅದೂ ಶಿವನು ಕೊಟ್ಟದ್ದೇ. ಆದರೆ ತಮ್ಮ ಅವ್ವನ ಮುಂದೆ, ಮಠದ ಮುಂದೆ ಅವರ ನಾಲಿಗೆ ಏಳುತ್ತಿರಲಿಲ್ಲ. ಸೋಮವಾರ ಹೊತ್ತೇರುವ ಮೊದಲೇ ಕಿತ್ತೂರ ಕಡೆಗೆ ಹೊರಟುಬಿಟ್ಟರು.

ಬಸವ ಜಯಂತಿ ಹತ್ತಿರ ಬಂದಂತೆ ಮಗನಿಗೆ ಜ್ವರ ಬಂತು. ಮೊದಲ ದಿನ ಕಷಾಯ ಕೊಟ್ಟೆ. ಮರುದಿನ ಮೈ ಕೆಂಡವಾಯಿತು. ಅತ್ತೆಯವರು ಅವನ ಹಾಸಿಗೆಯ ಪಕ್ಕದಿಂದ ಏಳಲಿಲ್ಲ. ವೈದ್ಯರು ಬಂದು ನಾಡಿ ನೋಡಿ ಪುಡಿ ಕೊಟ್ಟು ಹೋದರು. ಅವರು ಹೊಸ್ತಿಲು ದಾಟಿದ ಮೇಲೆ ಅತ್ತೆಯವರು ಅಡುಗೆಮನೆಯ ನೆಲುವಿನ ಕಡೆಗೆ ನೋಡಿದರು. ನಾನೂ ನೋಡಿದೆ.

“ಅದನ್ನ ಹಂಗ ತೂಗ ಹಾಕಿ ಇಟ್ಟೀಯಲ್ಲ. ದೇವರ ಅನ್ನ ಕಾಯಾಕ ಹಚ್ಚಬಾರದವ್ವಾ” ಎಂದರು.

ನಾನು ವಾದ ಮಾಡಲಿಲ್ಲ. ಒಲೆ ಹೊತ್ತಿಸಿದೆ. ಎಸರು ಇಟ್ಟೆ. ನೆಲುವಿನಿಂದ ಗಡಿಗೆ ಇಳಿಸಿ, ಕಟ್ಟಿದ ಬಟ್ಟೆ ಬಿಚ್ಚಿದೆ. ಅಕ್ಕಿಯೊಳಗೆ ಕೈಯಿಟ್ಟೆ, ತಣ್ಣಗಿತ್ತು. ಎಸರು ಕುದಿಯತೊಡಗಿತು. ಒಂದು ಮುಷ್ಟಿ ಹಾಕಿದರೆ ಮಗ ಬದುಕುತ್ತಾನೆ, ಆದರೆ ನನ್ನವನಾಗಿ ಅಲ್ಲ. ಬದುಕಿದರೆ ಸಾಕಲ್ಲವೇ? ಸಾಕು ಎಂದು ಹೇಳಿಕೊಂಡೆ. ಮುಷ್ಟಿ ತುಂಬಿಕೊಂಡೆ. ಕೈ ಪಾತ್ರೆಯ ಮೇಲೆ ಬಂತು, ಉಗಿ ಬಡಿಯಿತು. ಅಷ್ಟರಲ್ಲಿ ಪಡಸಾಲೆಯಿಂದ ಕ್ಷೀಣವಾದ ಧ್ವನಿ:

“ಅವ್ವಾ, ಹಸುವಾಗೇತಿ. ಅಂಬಲಿ ಕೊಡು. ಮಜ್ಜಿಗಿ ಹಾಕಿ.”

ಎರಡು ದಿನದಿಂದ ಗುಟುಕು ನೀರು ಬಿಟ್ಟು ಏನೂ ಕೇಳಿರದ ಹುಡುಗ. ಮುಷ್ಟಿಯ ಅಕ್ಕಿ ಮತ್ತೆ ಗಡಿಗೆಗೇ ಬಿತ್ತು. ಜೋಳದ ಹಿಟ್ಟು ಕಲಸಿ ಅದೇ ಎಸರಿಗೆ ಬಿಟ್ಟು ಅಂಬಲಿ ಕಾಯಿಸಿದೆ. ಆರಿಸಿ, ಮಜ್ಜಿಗೆ ಬೆರೆಸಿ, ಉಪ್ಪು ಹಾಕಿ ಕುಡಿಸಿದೆ. ಬಟ್ಟಲು ಖಾಲಿ ಮಾಡಿ ಮಲಗಿದ. ಮಧ್ಯಾಹ್ನ ಹೊರಳುವಷ್ಟರಲ್ಲಿ ಹಣೆಯಲ್ಲಿ ಬೆವರು ಒಡೆಯಿತು. ವೈದ್ಯರ ಪುಡಿಯೋ, ಕಷಾಯವೋ, ಯಾವುದೂ ಅಲ್ಲವೋ. ನಾನು ಮಾತ್ರ ದೇವರ ಜಗಲಿಯ ಮುಂದೆ ಬೋರಲು ಬಿದ್ದು, ಯಾವುದಾದರೂ ಸರಿ, ನಿನ್ನದೇ ಅಪ್ಪಾ ಎಂದೆ.

ಎದ್ದಾಗ ಅತ್ತೆಯವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಬಾಯಿ ತೆರೆದಿದ್ದ ಗಡಿಗೆಯನ್ನು ನೋಡುತ್ತಿದ್ದರು.

“ಹಾಕಲಿಲ್ಲನು?”

“ಇಲ್ರಿ.”

“ಆದ್ರೂ ಜ್ವರಾ ಇಳೀತು.”

“ಹೌದ್ರಿ.”

ಅವರು ಹೊಸ್ತಿಲ ಮೇಲೆ ಕುಳಿತರು. “ಅವತ್ತ ನಿನ್ನ ಉಡಿ ತುಂಬೂವಾಗ ನನಗ ಗೊತ್ತಿತ್ತು” ಎಂದರು. “ಹಿರ್ಯಾರು ಮೊದಲ ನನ್ನ ಮುಂದ ಹೇಳಿದ್ರು. ನಿನಗ ಹೇಳಬೇಕಂತ ಹಿತ್ತಲಕ ಬಂದ್ನಿ. ಬಾಯಿ ಬರಲಿಲ್ಲ. ಹೇಳಿದ್ರ ನೀ ಒಲ್ಲೆ ಅಂತಿದ್ದಿ. ಒಲ್ಲೆ ಅಂದ್ರ ಮನಿಗೆ ಏನರೆ ಆದೀತಂತ ಅಂಜಿದ್ನಿ. ಲಗೂ ಬಾ ಅಂತಷ್ಟ ಅಂದ್ನಿ.”

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆ ಮನೆಯಲ್ಲಿ ನಾನೊಬ್ಬಳೇ ಅಂಜಿದವಳು ಎಂದು ತಿಳಿದಿದ್ದೆ. ಅತ್ತೆಯವರು ನನಗಿಂತ ಮೊದಲೇ ಅಂಜಿ ಕುಳಿತಿದ್ದರು.

“ನಾ ಇದನ್ನ ಹೊಳ್ಳಿ ಕೊಟ್ಟ ಬರತೇನ್ರಿ” ಎಂದೆ. ಬಾಯಿಯಿಂದ ಬಂದ ಮೇಲೆಯೇ ಅದನ್ನು ನಾನೂ ಕೇಳಿಸಿಕೊಂಡೆ.

“ಒಬ್ಬಾಕಿನ ಹೆಂಗ ಹೋಗತೀ? ನಡಿ, ನಾನೂ ಬರತೇನಿ. ಅಂಜೂದ ಐತಿ ಅಂದ್ರ ಇಬ್ಬರೂ ಕೂಡೇ ಅಂಜೂಣು.”

ಮಗ ಎದ್ದು ಓಡಾಡುವಂತಾದ ಮೇಲೆ ಅವನನ್ನು ಪಕ್ಕದ ಮನೆಯ ಅಕ್ಕನಲ್ಲಿ ಬಿಟ್ಟು ಮೋಟಾರು ಹತ್ತಿದೆವು. ಸೆರಗಿನಲ್ಲಿ ಉಡಿಯಕ್ಕಿ, ಕಾಯಿ, ಖಣ ಎಲ್ಲ ಕಟ್ಟಿಕೊಂಡಿದ್ದೆ. ಮೋಟಾರು ಕೆಟ್ಟು ನಿಂತರೆ ದೇವರು ಬೇಡ ಎಂದಂತೆ ಎಂದುಕೊಂಡಿದ್ದೆ, ಕೆಡಲಿಲ್ಲ. ಹೊಳೆಯಲ್ಲಿ ನೀರು ಹೆಚ್ಚಿದ್ದರೆ ತಿರುಗಿ ಹೋಗೋಣ ಎಂದುಕೊಂಡಿದ್ದೆ. ಬೇಸಿಗೆಯ ಮಲಪ್ರಭೆ, ಮೊಳಕಾಲು ಮುಟ್ಟಲಿಲ್ಲ. ಅತ್ತೆಯವರ ಕೈ ಹಿಡಿದು ದಾಟಿಸಿದೆ. ಅಡ್ಡಿ ಬಾರದಿದ್ದುದು ದಯೆಯೋ, ಮುಂದಿನ ಪೆಟ್ಟಿಗೆ ದಾರಿಯೋ ತಿಳಿಯದೆ ಹೆಜ್ಜೆ ಹೆಜ್ಜೆಗೂ ಶಿವನನ್ನು ಕರೆದೆ.

ಮಠದ ಅಂಗಳದಲ್ಲಿ ಹಿರಿಯರು ಕಾಳಿನ ಚೀಲ ಹೊಲಿಸುತ್ತ ನಿಂತಿದ್ದರು. ನಮ್ಮನ್ನು ನೋಡಿ ನಕ್ಕರು. ಸೆರಗಿನ ಗಂಟು ನೋಡಿದ ಮೇಲೆ ನಗು ಹೋಯಿತು.

“ಏನಿದು?”

“ಉಡಿ ಹೊಳ್ಳಿ ತಂದೀವ್ರಿ” ಎಂದರು ಅತ್ತೆಯವರು.

“ಹೊಳ್ಳಿ? ಉಡಿ ಹೊಳ್ಳಿ ತರೂದಂದ್ರೇನು! ಸುಡಗಾಡಕ್ಕ ಹೋದ ಹೆಣ ಹೊಳ್ಳಿ ಬಂದದ್ದು ನೋಡೀರೇನು? ಇಷ್ಟ ವಯಸ್ಸಾತು, ನಿಮಗೂ ತಿಳೀಲಿಲ್ಲನು?”

“ಹೆಣದ ಮಾತ ಯಾಕ ಆಡತೀರಿ? ಜೀವಂತ ಕೂಸಿನ ಮಾತ ಆಡಾಕ ಬಂದೀವಿ.”

ಅತ್ತೆಯವರ ಧ್ವನಿ ಅಷ್ಟು ಏರಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಚೀಲ ಹೊಲಿಯುವವರು ದಬ್ಬಳ ಹಿಡಿದುಕೊಂಡು ನಮ್ಮನ್ನೇ ನೋಡಿದರು. ನನಗೆ ಅಲ್ಲೇ ನೆಲ ಬಿರಿಯಬಾರದೇ ಅನಿಸಿತು. ಅಷ್ಟರಲ್ಲಿ ಒಳಗಿನಿಂದ, “ಯಾರದು ಗದ್ದಲಾ? ಒಳಗ ಕಳಸ್ರಿ” ಎಂಬ ಧ್ವನಿ ಬಂತು.

ಅಜ್ಜಾರು ಗೋಡೆಗೆ ಒರಗಿ ಕುಳಿತಿದ್ದರು. ಶ್ರಾವಣದಲ್ಲಿ ನೋಡಿದ್ದಕ್ಕಿಂತ ಸೊರಗಿದ್ದರು. ಕಣ್ಣಿಗೆ ಪೊರೆ ಬಂದಿತ್ತು. ನಾವು ಸಾಷ್ಟಾಂಗ ಬಿದ್ದೆವು.

“ಬೈಲಹೊಂಗಲದ ಅಯ್ನಾರ ಮನಿಯವರ್ರಿ ಅಜ್ಜಾರ” ಎಂದರು ಅತ್ತೆಯವರು.

“ಕೂಸು ಆರಾಮ ಐತಿ?”

“ಜ್ವರಾ ಬಂದಿತ್ರಿ. ಈಗ ಆರಾಮ.”

“ತಾಯಿ ಬಂದಾಳನು? ಆಕಿ ಮಾತಾಡ್ಲಿ.”

ನಾನು ಮುಂದೆ ಸರಿದು ಕುಳಿತೆ. ಗಂಟು ಬಿಚ್ಚಿ ಅಕ್ಕಿ, ಕಾಯಿ, ಖಣವನ್ನು ಅವರ ಮುಂದೆ ಇಟ್ಟೆ.

“ಯಾತಕ್ಕ ಅಂತ ಗೊತ್ತಿಲ್ಲದ ಒಡ್ಡೀನ್ರಿ, ಬುದ್ದಿ. ಖಾರ ಕುಟ್ಟತಿದ್ನಿ, ಉಡಿ ತುಂಬಾಕ ಬಂದಾರ ಅಂದ್ರು, ಕೈ ತೊಳಕೊಂಡು ಬಂದ್ನಿ, ಕೈ ಒಡ್ಡಿದ್ವು. ನಾ ಕೊಟ್ಟಿಲ್ರಿ.”

“ಗೊತ್ತಿದ್ರ ಒಡ್ಡತಿದ್ದೆನು?”

ಆ ಕೋಣೆಯಲ್ಲಿ ವಿಭೂತಿಯ ವಾಸನೆಯಿತ್ತು. ಹೊರಗೆ ದಬ್ಬಳ ಚೀಲದೊಳಗೆ ಹಾಯುವ ಸದ್ದು ಕೇಳುತ್ತಿತ್ತು. ಸುಳ್ಳು ಹೇಳಿದರೆ ಮಗ ಹೋಗುತ್ತಾನೆ, ನಿಜ ಹೇಳಿದರೆ ಏನಾಗುತ್ತದೋ ಗೊತ್ತಿಲ್ಲ. ಗುರುವಿಗೆ ಅಲ್ಲ ಎಂದವಳು ನಮ್ಮ ಮನೆತನದಲ್ಲಿ ಯಾರೂ ಇರಲಿಲ್ಲ.

“ಇಲ್ರಿ” ಎಂದೆ.

ಅಜ್ಜಾರು ಅಕ್ಕಿಯ ಮೇಲೆ ಕೈಯಾಡಿಸಿದರು. ಕಣ್ಣು ಕಾಣದವರು ಕಾಳು ನೋಡುವ ಹಾಗೆ. ಆಮೇಲೆ ಅಂದರು:

“ನನ್ನ ಇಲ್ಲಿಗೆ ತಂದಾಗ ಆರು ವರ್ಷದಾಂವ ಇದ್ನಿ ಅಂತ. ನಮ್ಮವ್ವ ತಿಳದ ಉಡಿ ಒಡ್ಡಿದ್ಲೋ, ನಿನ್ನಂಗ ಖಾರದ ಕೈ ತೊಳಕೊಂಡು ಬಂದು ಒಡ್ಡಿದ್ಲೋ, ಇನ್ನೂತನಾ ಗೊತ್ತಿಲ್ಲ ನನಗ. ಕೇಳಬೇಕಂತ ಬಾಳ ಸಲ ಅನಿಸಿತ್ತು. ಆಕಿ ಬಂದಾಗೊಮ್ಮೆ ನನ್ನ ಕಾಲಿಗೆ ಬೀಳಾಕಿ. ಕಾಲಿಗೆ ಬಿದ್ದಾಕಿನ್ನ ಏನಂತ ಕೇಳೂದು?”

ಅತ್ತೆಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ನಿನ್ನ ಮಗನ್ನ ನೀನ ಇಟ್ಟಕೋ. ಮಠಾ ಯಾರಿಗೂ ಶಾಪಾ ಹಾಕೂದಿಲ್ಲ” ಎಂದರು ಅಜ್ಜಾರು. ನಾನು ನೆಲಕ್ಕೆ ಹಣೆ ಹಚ್ಚುವಷ್ಟರಲ್ಲಿ ಕೈಯೆತ್ತಿ ತಡೆದರು. “ತಡಿ ತಾಯಿ, ಪೂರ್ತಿ ಕೇಳು. ಮೀಸಿ ಮೂಡಿದ ಮ್ಯಾಲ ಮಠದವರು ಬಂದು ಅವನ್ನ ಕೇಳತಾರ. ನಾ ಇದ್ರ ನಾನ ಕೇಳತೇನಿ. ಅವಾಗ ಅಂವ ಒಲ್ಲೆ ಅಂದ್ರ ನಾವು ಒತ್ತಾಯ ಮಾಡೂದಿಲ್ಲ. ಬರತೇನಿ ಅಂದ್ರ ನೀ ಬಾಗಲಕ್ಕ ಅಡ್ಡ ನಿಂದರಬಾರದು. ಅಳಬಾರದು, ಆಣಿ ಹಾಕಬಾರದು. ನಮ್ಮ ಕೈಯಾಗಿನ ಹಗ್ಗಾ ನಿನ್ನ ಕೈಯಾಗ ಕೊಟ್ರ ಅವನಿಗೇನ ಬಂತು? ಆಗಬಹುದನು?”

ಗೆದ್ದು ಬಂದೆ ಎಂದುಕೊಂಡಿದ್ದೆ. ಆ ಪ್ರಶ್ನೆ ಕೇಳಿ ಮತ್ತೆ ಅದೇ ಪಡಸಾಲೆಯಲ್ಲಿ ಗೋಡೆ ಹಿಡಿದು ನಿಂತಂತಾಯಿತು. ಅವನು ತಾನಾಗಿಯೇ ಹೋಗುತ್ತೇನೆ ಎಂದ ದಿನ ನಾನು ಯಾರ ಮುಂದೆ ಉಡಿ ಹಿಡಿದುಕೊಂಡು ಹೋಗಲಿ? ಆದರೆ ಈ ಸಲ ಯಾಕೆ, ಏನು ಎಲ್ಲವೂ ಗೊತ್ತಿತ್ತು. ನನ್ನನ್ನು ಕೇಳಿದ್ದರು. ಅಜ್ಜಾರು ಅವಸರ ಮಾಡಲಿಲ್ಲ.

“ಆಗಲ್ರಿ” ಎಂದೆ.

“ಅಕ್ಕಿ ದಾಸೋಹಕ್ಕ ಕೊಡ್ರಿ. ಬರೇ ಉಡೀಲೆ ಹೋಗಬಾರದು, ಇಕಾ, ಸೆರಗ ಹಿಡಿ.”

ನಾನು ಸೆರಗಿಗೆ ಕೈ ಹಾಕಿದವಳು ಅಲ್ಲೇ ನಿಲ್ಲಿಸಿದೆ. “ಇದು ಯಾತಕ್ಕರಿ?”

ಅತ್ತೆಯವರು ಗಾಬರಿಯಾಗಿ ನನ್ನ ಮೊಳಕೈ ತಿವಿದರು. ಅಜ್ಜಾರು ಹೊಟ್ಟೆ ಅಲ್ಲಾಡುವಂತೆ ನಕ್ಕರು.

“ಬಾಳೆಹಣ್ಣು ತಾಯಿ. ಬರೇ ಬಾಳೆಹಣ್ಣು. ಹಾದ್ಯಾಗ ತಿನ್ನಾಕ.”

ಒಡ್ಡಿದೆ.

ಹಿರಿಯರು ನಮ್ಮನ್ನು ಊರ ಅಗಸೆಬಾಗಿಲತನಕ ಕಳಿಸಲಿಲ್ಲ. ಅಂಗಳದಿಂದಲೇ ಮುಖ ತಿರುಗಿಸಿದರು. ಹೊಳೆ ದಾಟಿ, ಮೋಟಾರಿಗೆ ಕಾಯುತ್ತ ಬೇವಿನ ಮರದ ಕೆಳಗೆ ಕುಳಿತಾಗ ಅತ್ತೆಯವರು ಹಣ್ಣು ಸುಲಿದು ನನಗೊಂದು ಕೊಟ್ಟು, “ಮೀಸಿ ಮೂಡಾಕ ಇನ್ನ ಬಾಳ ವರ್ಷ ಅದಾವ ಬಿಡು” ಎಂದರು. ಸಮಾಧಾನಕ್ಕೆ ಅಂದ ಮಾತು. ನಾನು ಮಾತ್ರ ಆವತ್ತಿನಿಂದ ಅವನ ಮೇಲ್ದುಟಿಯನ್ನು ನೋಡುವುದಕ್ಕೂ ಅಂಜುವವಳಾದೆ. ಮುಂದೆ ಕೇಳುವ ಕಾಲ ಬಂದಾಗ ಅವನು ಏನೆಂದ ಎಂದು ಓದುವವರು ಕೇಳಬಹುದು. ಅದು ಅವನು ಹೇಳಬೇಕಾದ ಮಾತು, ನಾನು ಬರೆಯುವಂಥದಲ್ಲ. ನಾನು ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ ಎಂಬುದಷ್ಟೇ ನಾನು ಬರೆಯಬಹುದಾದದ್ದು.

ಬೈಲಹೊಂಗಲ ಮುಟ್ಟಿದಾಗ ದನಗಳು ಮನೆಗೆ ಬರುವ ಹೊತ್ತು. ಮಗ ಪಕ್ಕದ ಮನೆಯ ಕಟ್ಟೆಯಿಂದ ಜಿಗಿದು ಓಡಿ ಬಂದ.

“ಅವ್ವಾ, ಅಜ್ಜಾರು ಏನಂದ್ರು?”

“ಈಗ ಬ್ಯಾಡಂತ. ನೀ ದೊಡ್ಡಾಂವ ಆದ ಮ್ಯಾಲ ನಿನ್ನ ಕೇಳತಾರಂತ.”

“ನನ್ನ ಕೇಳತಾರ?” ಅವನಿಗೆ ನಂಬಿಕೆ ಬರಲಿಲ್ಲ. “ನಿನ್ನಲ್ಲ?”

“ನನ್ನಲ್ಲ.”

“ನಾ ಹೂಂ ಅಂದ್ರ?”

“ಹೂಂ ಅಂದ್ರ ಹೋಗೂದು.”

“ಊಹೂಂ ಅಂದ್ರ?”

“ಇರೂದು.”

ಅವನು ನನ್ನ ಮುಖವನ್ನೇ ನೋಡಿದ, ಅಲ್ಲಿ ಇನ್ನೇನೋ ಬರೆದಿದೆಯೇ ಎಂಬಂತೆ. ಮುಖದಲ್ಲಿ ಏನೂ ತೋರಿಸಬಾರದು ಎಂದು ಅಂದೇ ಮೊದಲ ಸಲ ಹಲ್ಲು ಕಚ್ಚಿದೆ. ಆಮೇಲೆ ಯಾರೋ ಅವನನ್ನು ಗೋಲಿ ಆಡಲು ಕರೆದರು, ಓಡಿದ.

ಒಳಗೆ ಹೋದೆ. ಬುಟ್ಟಿಯಲ್ಲಿ ಹಿಟ್ಟು ತಳ ಕಂಡಿತ್ತು, ಬೆಳಿಗ್ಗೆಗೆ ರೊಟ್ಟಿ ಆಗಬೇಕಿತ್ತು. ಕಾಲು ತೊಳೆದು, ದೇವರಿಗೆ ದೀಪ ಹಚ್ಚಿ, ಜೋಳದ ಮೊರ ಪಕ್ಕಕ್ಕೆ ಎಳೆದುಕೊಂಡು ಬೀಸುವ ಕಲ್ಲಿನ ಮುಂದೆ ಕುಳಿತೆ.